ಹಳೆಯ ಗಾಜು, ಹೊಸ ಹಕ್ಕು

ಹಾನ್ಸ್ ಲಿಪ್ಪರ್‌ಶೇ ಕನ್ನಡಕ ಮಾಡುವ ಕಸುಬಿನವನು. ಊರು ನೆದರ್ಲೆಂಡ್ಸ್‌ನ ಮಿಡಲ್‌ಬರ್ಗ್. 1608ರ ಅಕ್ಟೋಬರ್ ಮೊದಲ ವಾರದಲ್ಲಿ ಅವನ ಅರ್ಜಿಯೊಂದು ಹೇಗ್ ನಗರದ ಡಚ್ ಆಡಳಿತ ಸಭೆಯ ಮುಂದೆ ಬಂತು. ದೂರದ್ದನ್ನು ಹತ್ತಿರ ತೋರಿಸುವ ಕೊಳವೆಯೊಂದನ್ನು ಮಾಡಿದ್ದೇನೆ, ಬೇರೆ ಯಾರೂ ಇದನ್ನು ಮಾಡದಂತೆ ನನಗೊಬ್ಬನಿಗೇ ಹಕ್ಕು ಕೊಡಿ ಎಂಬುದು ಕೋರಿಕೆ. ಸಭೆಗೆ ಉಪಕರಣ ಹಿಡಿಸಿತು. ಎರಡೂ ಕಣ್ಣಿನಿಂದ ನೋಡುವ ಹಾಗೆ ಮಾಡಿಕೊಡು ಎಂದು ಹಣ ಕೊಟ್ಟು ಮಾಡಿಸಿಕೊಂಡಿತು. ಹಕ್ಕು ಮಾತ್ರ ಕೊಡಲಿಲ್ಲ. ಅಷ್ಟರಲ್ಲಿ ಯಾಕೋಬ್ ಮೆಟಿಯಸ್ ಎಂಬ ಇನ್ನೊಬ್ಬನೂ ಅಂಥದ್ದೇ ಅರ್ಜಿ ಹಿಡಿದು ಬಂದಿದ್ದ. ಈ ವಿದ್ಯೆ ಬಲ್ಲವರು ಬೇರೆಯವರೂ ಇದ್ದಾರೆ ಎಂಬುದು ಸಭೆಗೆ ಗೊತ್ತಾಗಿತ್ತು.

ಕೊಳವೆಯೊಳಗೆ ಇದ್ದದ್ದೇನು? ಕನ್ನಡಕದ ಎರಡು ಗಾಜು. ಒಂದು ಉಬ್ಬಿದ್ದು, ಒಂದು ತಗ್ಗಿದ್ದು. ಇಟಲಿಯಲ್ಲಿ ಕನ್ನಡಕ ಹುಟ್ಟಿದ್ದು 13ನೇ ಶತಮಾನದ ಕೊನೆಗೆ. ಅಂದರೆ ಸುಮಾರು ಮುನ್ನೂರು ವರ್ಷ ಗಾಜು ಜನರ ಮೂಗಿನ ಮೇಲೆ ಕೂತಿತ್ತು. ಎರಡನ್ನು ಒಂದರ ಹಿಂದೊಂದು ಇಟ್ಟು ನೋಡಿ ಹಕ್ಕು ಕೇಳಲು ಯಾರೂ ಬಂದಿರಲಿಲ್ಲ. ಬಂದಾಗ ಮಾತ್ರ ಸಾಲುಗಟ್ಟಿ ಬಂದರು. ಹಾಗಾದರೆ ಆ ಜೋಡಣೆ ಆವಿಷ್ಕಾರವೋ, ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದೋ? ಮುನ್ನೂರು ವರ್ಷದ ಮೌನ ಒಂದು ಉತ್ತರ ಹೇಳುತ್ತದೆ. ಒಂದೇ ತಿಂಗಳಲ್ಲಿ ಬಂದ ಎರಡು ಅರ್ಜಿ ಇನ್ನೊಂದು ಉತ್ತರ ಹೇಳುತ್ತವೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ಗಾಜು, ಅದೇ ಕೊಳವೆಯಿಂದ ಬಂದದ್ದು ಸೂಕ್ಷ್ಮದರ್ಶಕ. ಅಂದಿನಿಂದ ಇಂದಿನವರೆಗೆ ಸೂಕ್ಷ್ಮದರ್ಶಕದ ಚರಿತ್ರೆಯೆಂದರೆ ಜೋಡಣೆಗಳ ಚರಿತ್ರೆ. ಮಸೂರ, ಕನ್ನಡಿ, ಸೂಜಿಮೊನೆಯ ರಂಧ್ರ, ಲೇಸರ್, ಹೊಳೆಯುವ ಬಣ್ಣ, ಕ್ಯಾಮೆರಾ, ಕಂಪ್ಯೂಟರ್. ಇವುಗಳಲ್ಲಿ ಹೆಚ್ಚಿನವು ಸೂಕ್ಷ್ಮದರ್ಶಕಕ್ಕೆಂದು ಹುಟ್ಟಿದವೇ ಅಲ್ಲ. ಆದ್ದರಿಂದ ಸೂಕ್ಷ್ಮದರ್ಶಕದ ಪೇಟೆಂಟ್ ಅರ್ಜಿ ಬಂದಾಗಲೆಲ್ಲ ಪರೀಕ್ಷಕರ ಮೇಜಿನ ಮೇಲೆ ಅದೇ ಪ್ರಶ್ನೆ ಬಂದು ಕೂರುತ್ತದೆ: ಬಿಡಿಭಾಗಗಳೆಲ್ಲ ಹಳೆಯವು, ಕೂಡಿಸಿದ್ದು ಮಾತ್ರ ಹೊಸತು. ಇದಕ್ಕೆ ಇಪ್ಪತ್ತು ವರ್ಷಗಳ ಏಕಸ್ವಾಮ್ಯ ಕೊಡಬೇಕೇ?

ನಮ್ಮ ಪೇಟೆಂಟ್ ಕಚೇರಿಯ ಆಕ್ಷೇಪಣೆ ಪತ್ರವನ್ನು ನೋಡಿದವರಿಗೆ ಅದರ ಧಾಟಿ ಗೊತ್ತಿರುತ್ತದೆ. ವಕೀಲರ ಬಾಯಲ್ಲಿ ಈ ಮೊದಲ ಪರೀಕ್ಷಾ ವರದಿ ‘ಎಫ್‌ಇಆರ್’. ಅದರಲ್ಲಿ ಹಳೆಯ ದಾಖಲೆಗಳಿಗೆ ಡಿ1, ಡಿ2, ಡಿ3 ಎಂದು ಹೆಸರು. ನಿಮ್ಮ ಕ್ಲೇಮಿನ, ಅಂದರೆ ಹಕ್ಕುಕೋರಿಕೆಯ, ಮೊದಲ ಅಂಶ ಡಿ1ರಲ್ಲಿದೆ, ಎರಡನೆಯದು ಡಿ2ರಲ್ಲಿದೆ, ಉಳಿದದ್ದು ಡಿ3ರಲ್ಲಿದೆ. ಆದ್ದರಿಂದ ಈ ವಿದ್ಯೆ ಬಲ್ಲವನಿಗೆ ಡಿ1ನ್ನು ಡಿ2, ಡಿ3ರ ಜೊತೆ ಕೂಡಿಸಿದರೆ ನಿಮ್ಮ ಆವಿಷ್ಕಾರ ತಾನಾಗಿ ಹೊಳೆಯುತ್ತದೆ ಎಂಬುದು ಆಕ್ಷೇಪ. ಈ ‘ವಿದ್ಯೆ ಬಲ್ಲವನು’ ಕಾನೂನು ಕಟ್ಟಿಕೊಂಡ ಕಾಲ್ಪನಿಕ ವ್ಯಕ್ತಿ. ಲೋಕದಲ್ಲಿ ಅಚ್ಚಾದದ್ದನ್ನೆಲ್ಲ ಅವನು ಓದಿದ್ದಾನೆ. ಜರ್ಮನ್ ಪ್ರಬಂಧವೂ ಗೊತ್ತು, ಜಪಾನೀ ಪೇಟೆಂಟೂ ಗೊತ್ತು. ಆದರೆ ಪ್ರತಿಭಾವಂತನಲ್ಲ, ಸಾಧಾರಣ ಬುದ್ಧಿ, ಸಾಧಾರಣ ಕೈಚಳಕ. ಇಷ್ಟು ಓದಿಯೂ ಇಷ್ಟು ಸಾಧಾರಣವಾಗಿ ಉಳಿದವನು ಎಲ್ಲಿಯಾದರೂ ಸಿಕ್ಕಾನೆಯೇ ಎಂದು ಕೇಳಬೇಡಿ. ಕಾನೂನಿಗೆ ಅವನು ಬೇಕು.

ಬರೀ ಪಕ್ಕಪಕ್ಕ ಇಟ್ಟರೆ ಆವಿಷ್ಕಾರವಾಗದು ಎಂಬುದಕ್ಕೆ ಇಂಗ್ಲೆಂಡಿನವರು ಇಂದಿಗೂ ಎತ್ತಿ ಹೇಳುವುದು 1890ರ ಸಾಸೇಜ್ ಯಂತ್ರದ ಮೊಕದ್ದಮೆಯನ್ನು. ಮಾಂಸ ಕೊಚ್ಚುವ ಯಂತ್ರ ಒಂದಿತ್ತು, ಕೊಚ್ಚಿದ್ದನ್ನು ತುಂಬುವ ಯಂತ್ರ ಇನ್ನೊಂದಿತ್ತು. ಒಬ್ಬಾತ ಎರಡನ್ನೂ ಒಂದೇ ಚೌಕಟ್ಟಿಗೆ ಕೂಡಿಸಿ ಪೇಟೆಂಟ್ ಪಡೆದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೊಚ್ಚುವುದು ಕೊಚ್ಚುತ್ತಲೇ ಇತ್ತು, ತುಂಬುವುದು ತುಂಬುತ್ತಲೇ ಇತ್ತು. ಒಂದರಿಂದ ಇನ್ನೊಂದಕ್ಕೆ ಹೊಸ ಗುಣವೇನೂ ಬರಲಿಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಮು ಹೇಳುವುದೂ ಇದನ್ನೇ. ಗೊತ್ತಿರುವ ಸಾಧನಗಳು ಗೊತ್ತಿರುವ ರೀತಿಯಲ್ಲೇ, ಒಂದರ ಹಂಗಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿದ್ದರೆ, ಅವುಗಳ ಜೋಡಣೆ ಆವಿಷ್ಕಾರವೇ ಅಲ್ಲ.

ಸುಪ್ರೀಂ ಕೋರ್ಟ್ 1978ರಲ್ಲಿ ಕೊಟ್ಟ ತೀರ್ಪಿನಲ್ಲೂ ಈ ಮಾತಿದೆ. ಪ್ರಕರಣ ಮಿರ್ಜಾಪುರದ ಪಾತ್ರೆ ತಯಾರಕರದ್ದು: ಹೊಳಪು ಕೊಡುವಾಗ ಪಾತ್ರೆಯನ್ನು ಲೇತ್ ಯಂತ್ರಕ್ಕೆ ಕಚ್ಚಿಸಿ ಹಿಡಿಯುವ ಒಂದು ಸಲಕರಣೆ. ಹಳೆಯ ಸಲಕರಣೆಯಲ್ಲಿ ಸಣ್ಣ ಬದಲಾವಣೆ ಮಾಡಿದ್ದರು. ಅದು ಕಾರ್ಖಾನೆಯ ಸುಧಾರಣೆಯಷ್ಟೇ, ಬುದ್ಧಿ ಖರ್ಚಾಗದ ಬರೀ ಕೂಡಿಸುವಿಕೆಗೆ ಪೇಟೆಂಟ್ ಸಲ್ಲದು ಎಂದು ಕೋರ್ಟು ಪೇಟೆಂಟನ್ನು ರದ್ದು ಮಾಡಿತು. ಹಿತ್ತಾಳೆ ಪಾತ್ರೆಯ ಈ ತೀರ್ಪನ್ನು ಇವತ್ತು ಔಷಧ, ಮೊಬೈಲು, ಸೂಕ್ಷ್ಮದರ್ಶಕ ಎಲ್ಲದರ ವಾದದಲ್ಲೂ ಓದುತ್ತಾರೆ.

ಇನ್ನು ಜೋಡಣೆ ಆವಿಷ್ಕಾರವಾಗುವುದು ಯಾವಾಗ ಎಂದು ನೋಡಬೇಕಾದರೆ ಯಾವುದಾದರೂ ಪದವಿ ಕಾಲೇಜಿನ ಜೀವವಿಜ್ಞಾನ ಪ್ರಯೋಗಾಲಯಕ್ಕೆ ಹೋದರೆ ಸಾಕು. ಕೆನ್ನೆಯ ಒಳಗಿನಿಂದ ಕೆರೆದು ತೆಗೆದ ಜೀವಕೋಶವನ್ನು ಬಣ್ಣ ಹಾಕದೆ ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಏನೂ ಕಾಣದು ಎಂದೇ ಹೇಳಬೇಕು. ಕೋಶ ಪಾರದರ್ಶಕ, ಬೆಳಕನ್ನು ಹೀರುವುದಿಲ್ಲ, ಸ್ವಲ್ಪ ತಡಮಾಡಿ ದಾಟಿಸುತ್ತದೆ ಅಷ್ಟೇ. ಆ ತಡ ನಮ್ಮ ಕಣ್ಣಿಗೆ ಗೊತ್ತಾಗದು. ಈಗ ಪಕ್ಕದ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕಕ್ಕೆ ಅದೇ ಗಾಜಿನ ಪಟ್ಟಿಯನ್ನು ಬದಲಿಸಿ. ಕೋಶದ ಅಂಚು, ನಡುವಿನ ಬೀಜಕೇಂದ್ರ, ಸುತ್ತಲಿನ ಕಣಗಳು ಕಪ್ಪುಬಿಳುಪಿನಲ್ಲಿ ಎದ್ದು ನಿಲ್ಲುತ್ತವೆ. ಯಂತ್ರದಲ್ಲಿ ಹೆಚ್ಚುವರಿಯಾಗಿ ಇರುವುದು ಎರಡೇ: ಕೆಳಗೆ, ಬೆಳಕು ಬರುವ ಕಡೆ ಒಂದು ಉಂಗುರದ ಸೀಳು, ಮೇಲೆ, ಮಸೂರದ ಹಿಂದೆ, ಅದೇ ಉಂಗುರದ ಆಕಾರದಲ್ಲಿ ತೆಳುಲೇಪ ಕೊಟ್ಟ ಗಾಜಿನ ಬಿಲ್ಲೆ. ನೇರವಾಗಿ ಬಂದ ಬೆಳಕು ಆ ಬಿಲ್ಲೆಯ ಉಂಗುರದ ಮೂಲಕವೇ ಹಾಯ್ದು ತರಂಗದ ಕಾಲು ಪಾಲಿನಷ್ಟು ಸರಿಯುತ್ತದೆ, ಜೊತೆಗೆ ಮಂಕಾಗುತ್ತದೆ. ಕೋಶದಲ್ಲಿ ಚದುರಿ ಬಂದ ಬೆಳಕು ಉಂಗುರದ ಹೊರಗಿನಿಂದ ಹಾಯುತ್ತದೆ. ಎರಡೂ ಕೂಡುವಾಗ ಕಾಣದ ತಡವು ಕಾಣುವ ನೆರಳಾಗುತ್ತದೆ. ಕೆಳಗಿನ ಉಂಗುರವನ್ನು ತೆಗೆದುಬಿಡಿ, ಮೇಲಿನ ಬಿಲ್ಲೆ ನಿಷ್ಪ್ರಯೋಜಕ. ಬಿಲ್ಲೆಯನ್ನು ತೆಗೆಯಿರಿ, ಉಂಗುರದಿಂದ ಏನೂ ಉಪಯೋಗವಿಲ್ಲ. ಸಾಸೇಜ್ ಯಂತ್ರಕ್ಕೂ ಇದಕ್ಕೂ ಇರುವ ಅಂತರ ಇದೇ.

ಇದನ್ನು ಕಂಡುಹಿಡಿದವರು ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಫ್ರಿಟ್ಸ್ ಝೆರ್ನಿಕೆ. 1932ರಲ್ಲಿ ಅವರು ಇದನ್ನು ಹಿಡಿದುಕೊಂಡು ಜರ್ಮನಿಯ ಯೇನಾ ನಗರದ ಝೈಸ್ ಕಾರ್ಖಾನೆಗೆ ಹೋದರು. ಸೂಕ್ಷ್ಮದರ್ಶಕದ ಮಟ್ಟಿಗೆ ಆಗ ಅದೇ ಕಾಶಿ. ಬಿಂಬ ಹೇಗೆ ಮೂಡುತ್ತದೆ ಎಂಬ ಸಿದ್ಧಾಂತವನ್ನು 1873ರಲ್ಲಿ ಎರ್ನ್‌ಸ್ಟ್ ಆಬೆ ಕಟ್ಟಿದ್ದು ಅಲ್ಲಿಯೇ. ಅಲ್ಲಿನ ಹಿರಿಯ ತಜ್ಞರೊಬ್ಬರು ಎಲ್ಲ ನೋಡಿ, ಇದರಿಂದ ಏನಾದರೂ ಉಪಯೋಗ ಇದ್ದಿದ್ದರೆ ನಾವೇ ಎಂದೋ ಕಂಡುಹಿಡಿದಿರುತ್ತಿದ್ದೆವು ಎಂಬರ್ಥದ ಮಾತು ಹೇಳಿ ಕಳಿಸಿದರಂತೆ. 1953ರಲ್ಲಿ ಇದಕ್ಕೇ ನೊಬೆಲ್ ಬಂದಾಗ ಝೆರ್ನಿಕೆ ತಮ್ಮ ಭಾಷಣದಲ್ಲಿ ಈ ಪ್ರಸಂಗವನ್ನು ಹೇಳಿಕೊಂಡಿದ್ದಾರೆ. ಯುದ್ಧಕ್ಕೆ ಬಳಕೆಯಾಗಬಹುದಾದ ಆವಿಷ್ಕಾರಗಳ ಪಟ್ಟಿಯನ್ನು ಜರ್ಮನ್ ಸೇನೆ 1941ರಲ್ಲಿ ತಯಾರಿಸಿದ ಮೇಲೆಯೇ ಈ ಸೂಕ್ಷ್ಮದರ್ಶಕ ತಯಾರಿಕೆಗೆ ಬಂದದ್ದು.

ಯೇನಾದ ಆ ಹಿರಿಯರ ಮಾತು ಪೇಟೆಂಟ್ ವಕೀಲನಿಗೆ ಬಂಗಾರ. ವಿದ್ಯೆಯನ್ನು ಅರೆದು ಕುಡಿದವರ ಮುಂದೆ ಉಪಕರಣವನ್ನೇ ತಂದಿಟ್ಟರೂ ಅದರ ಬೆಲೆ ಹೊಳೆಯಲಿಲ್ಲ ಎಂದಮೇಲೆ, ಆ ಕಾಲ್ಪನಿಕ ಸಾಧಾರಣ ಮನುಷ್ಯನಿಗೆ ಅದು ಹೇಗೆ ಹೊಳೆದೀತು? ಅಮೆರಿಕದ ಸುಪ್ರೀಂ ಕೋರ್ಟ್ 1966ರಲ್ಲಿ ಆ್ಯಡಮ್ಸ್ ಎಂಬುವರ ಬ್ಯಾಟರಿಯ ಪೇಟೆಂಟನ್ನು ಎತ್ತಿಹಿಡಿದದ್ದು ಇಂಥ ಕಾರಣಕ್ಕೇ. ಮೆಗ್ನೀಶಿಯಂ ಹಳೆಯದು, ಕ್ಯೂಪ್ರಸ್ ಕ್ಲೋರೈಡ್ ಹಳೆಯದು. ನೀರು ಹಾಕಿದರೆ ನಡೆಯುವ ಬ್ಯಾಟರಿಯಾಗಿ ಎರಡನ್ನೂ ಕೂಡಿಸಿದ್ದು ಹೊಸದು. ಅದು ನಡೆಯುತ್ತದೆಂದು ಪರಿಣತರು ನಂಬಿರಲಿಲ್ಲ ಎಂಬುದೇ ಆ್ಯಡಮ್ಸ್ ಕಡೆಯ ದೊಡ್ಡ ಸಾಕ್ಷ್ಯವಾಯಿತು.

ತೊಡಕು ಇರುವುದು ಪರೀಕ್ಷಕ ಓದುವ ಕ್ರಮದಲ್ಲೇ. ಆತ ಮೊದಲು ಓದುವುದು ಅರ್ಜಿಯನ್ನು, ಅಂದರೆ ಉತ್ತರವನ್ನು. ಆಮೇಲೆ ಹಿಂದಕ್ಕೆ ಹೋಗಿ ಅದರ ತುಂಡುಗಳನ್ನು ಹುಡುಕುತ್ತಾನೆ. ಉತ್ತರ ಗೊತ್ತಿದ್ದವನಿಗೆ ಯಾವ ಒಗಟೂ ಒಗಟಲ್ಲ. ಹುಡುಕುವ ಯಂತ್ರಕ್ಕೆ ನಾಲ್ಕು ಪದ ಕೊಟ್ಟರೆ ನಾಲ್ಕು ದಾಖಲೆ ಬರುವ ಈ ಕಾಲದಲ್ಲಿ ಡಿ1ರಿಂದ ಡಿ4ರವರೆಗೆ ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೇ ಯುರೋಪಿನ ಪೇಟೆಂಟ್ ಕಚೇರಿ ಒಂದು ಅಡ್ಡಗೋಡೆ ಕಟ್ಟಿಕೊಂಡಿದೆ: ಆ ಮನುಷ್ಯ ಇವನ್ನು ಕೂಡಿಸಬಹುದಿತ್ತೇ ಎಂದು ಕೇಳಬಾರದು, ಅಂದಿನ ಪರಿಸ್ಥಿತಿಯಲ್ಲಿ ನಿಜಕ್ಕೂ ಕೂಡಿಸುತ್ತಿದ್ದನೇ ಎಂದು ಕೇಳಬೇಕು.

ಅಮೆರಿಕ ಈ ಗೋಡೆಯನ್ನು ಬಹಳ ಎತ್ತರಕ್ಕೆ ಕಟ್ಟಿ, ಆಮೇಲೆ ಅರ್ಧ ಕೆಡವಿದ ದೇಶ. ಎರಡು ಹಳೆಯ ದಾಖಲೆಗಳನ್ನು ಕೂಡಿಸಲು ಎಲ್ಲಿಯಾದರೂ ಸ್ಪಷ್ಟ ಸೂಚನೆ ಇದ್ದರೆ ಮಾತ್ರ ಪೇಟೆಂಟ್ ನಿರಾಕರಿಸಬಹುದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಬಿಗಿಯಾಗಿ ಹೇಳುತ್ತಿತ್ತು. 2007ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಕೆಎಸ್ಆರ್ ವಿರುದ್ಧ ಟೆಲಿಫ್ಲೆಕ್ಸ್ ಪ್ರಕರಣದಲ್ಲಿ ಆ ಬಿಗಿಯನ್ನು ಸಡಿಲಿಸಿತು. ವಿವಾದ ಕಾರಿನ ವೇಗವರ್ಧಕ ಪೆಡಲಿನದು. ಚಾಲಕನ ಎತ್ತರಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯುವ ಪೆಡಲು ಹಳೆಯದು, ಒತ್ತಿದ್ದನ್ನು ವಿದ್ಯುತ್ ಸಂಕೇತವಾಗಿ ಕಂಪ್ಯೂಟರಿಗೆ ಕಳಿಸುವ ಸೆನ್ಸರ್ ಹಳೆಯದು. ಸೆನ್ಸರನ್ನು ಪೆಡಲಿನ ಅಲುಗದ ಕೀಲಿಗೆ ಕೂಡಿಸಿದ್ದು ಹೊಸದು. ಕಾರುಗಳೆಲ್ಲ ಕಂಪ್ಯೂಟರಿನತ್ತ ಹೊರಳುತ್ತಿದ್ದ ಕಾಲವದು. ಸರಿಯುವ ಭಾಗಕ್ಕೆ ಸೆನ್ಸರ್ ಕೂಡಿಸಿದರೆ ತಂತಿ ಸವೆಯುತ್ತದೆ ಎಂಬುದೂ ಗೊತ್ತಿತ್ತು. ಇನ್ನು ಅಲುಗದ ಕಡೆ ಕೂಡಿಸಬೇಕೆಂದು ಹೇಳಲು ಪುಸ್ತಕ ಬೇಕೇ? ಸಾಧಾರಣ ಕುಶಲಿಯೂ ಸ್ವಲ್ಪ ಬುದ್ಧಿ ಓಡಿಸುತ್ತಾನೆ, ಅವನು ಯಂತ್ರಮಾನವನಲ್ಲ ಎಂಬುದು ಸರ್ವಾನುಮತದ ತೀರ್ಪಿನ ತಿರುಳು. ನನಗೆ ಕೇಳಿದರೆ ತೀರ್ಪು ಸರಿ. ಆದರೆ ಅದರ ನೆರಳಿನಲ್ಲಿ ಬೆಳೆದ ಸೋಮಾರಿತನ ಸರಿಯಲ್ಲ. ‘ಬುದ್ಧಿ ಓಡಿಸುತ್ತಾನೆ’ ಎಂಬ ಮಾತು ಸಿಕ್ಕಿದ ಮೇಲೆ, ಕೂಡಿಸಲು ಕಾರಣವೇನಿತ್ತು ಎಂದು ವಿವರಿಸುವ ಹೊಣೆಯಿಂದ ತಪ್ಪಿಸಿಕೊಳ್ಳುವುದು ಸುಲಭವಾಯಿತು.

ಈ ಅಳತೆಗೋಲನ್ನು ನಿಜವಾದ ಸೂಕ್ಷ್ಮದರ್ಶಕದ ಪೇಟೆಂಟ್ ಒಂದರ ಮೇಲಿಟ್ಟು ನೋಡೋಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿನ್‌ಫ್ರೀಡ್ ಡೆಂಕ್, ಜೇಮ್ಸ್ ಸ್ಟ್ರಿಕ್ಲರ್, ವಾಟ್ ವೆಬ್ ಎಂಬ ಮೂವರು 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎರಡು ಫೋಟಾನಿನ ಲೇಸರ್ ಸೂಕ್ಷ್ಮದರ್ಶಕವನ್ನು ಲೋಕಕ್ಕೆ ತೋರಿಸಿದರು. ಪೇಟೆಂಟ್ ಸಿಕ್ಕಿದ್ದು 1991ರ ಜುಲೈನಲ್ಲಿ. ಇಂದು ಬದುಕಿರುವ ಇಲಿಯ ಮಿದುಳಿನೊಳಗೆ ನರಕೋಶಗಳು ಮಿನುಗುವುದನ್ನು ನೋಡುವವರು ಬಳಸುವುದು ಇದರ ಸಂತತಿಯನ್ನೇ.

ಕೆಲಸ ಮಾಡುವ ಬಗೆ ಹೀಗೆ. ಹೊಳೆಯುವ ಬಣ್ಣದ ಅಣುವನ್ನು ಕೆರಳಿಸಲು ಸಾಮಾನ್ಯವಾಗಿ ನೀಲಿಯೋ ಅತಿನೇರಳೆಯೋ ಆದ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಬೇಕು. ಅದರ ಬದಲು ಅರ್ಧ ಶಕ್ತಿಯ ಎರಡು ಕೆಂಪು ಫೋಟಾನುಗಳು ಒಂದೇ ಗಳಿಗೆಯಲ್ಲಿ ಬಂದು ಬಡಿದರೂ ಆದೀತು. ಆದರೆ ಎರಡು ಹಾಗೆ ಒಟ್ಟಿಗೆ ಬರುವುದು ಬಲು ಅಪರೂಪ. ಬೆಳಕು ಅತಿ ದಟ್ಟವಾಗಿರುವ ಜಾಗದಲ್ಲಿ, ಅಂದರೆ ಮಸೂರದ ಸಂಗಮಬಿಂದುವಿನಲ್ಲಿ ಮಾತ್ರ ಸಾಧ್ಯ. ಬಿಂದುವಿನ ಮೇಲೂ ಕೆಳಗೂ ಅಂಗಾಂಶ ಕತ್ತಲಾಗಿಯೇ ಉಳಿಯುತ್ತದೆ.

ಈಗ ಎದುರಾಳಿ ವಕೀಲನಾಗಿ ದಾಖಲೆಗಳನ್ನು ಜೋಡಿಸಿ ನೋಡಿ. ಎರಡು ಫೋಟಾನುಗಳನ್ನು ಒಟ್ಟಿಗೆ ಹೀರಬಹುದೆಂದು ಮಾರಿಯಾ ಗೋಪರ್ಟ್ ಮಾಯರ್ ತಮ್ಮ ಪಿಎಚ್‌ಡಿ ಕೆಲಸದಲ್ಲಿ ತೋರಿಸಿ 1931ರಲ್ಲಿ ಪ್ರಕಟಿಸಿದ್ದರು. ಲೇಸರ್ ಬಂದ ಮರುವರ್ಷವೇ, 1961ರಲ್ಲಿ, ಬೆಲ್ ಪ್ರಯೋಗಾಲಯದ ಕೈಸರ್ ಮತ್ತು ಗ್ಯಾರೆಟ್ ಅದನ್ನು ಕಣ್ಣಾರೆ ಕಂಡರು. ಲೇಸರ್ ಬಿಂದುವನ್ನು ಓಡಾಡಿಸಿ ಚಿತ್ರ ಕಟ್ಟುವ ಸೂಕ್ಷ್ಮದರ್ಶಕ 1980ರ ದಶಕದಲ್ಲಿ ಮಾರುಕಟ್ಟೆಗೇ ಬಂದಿತ್ತು. ಎಲ್ಲಕ್ಕಿಂತ ಗಟ್ಟಿಯಾದ ದಾಖಲೆ 1978ರದ್ದು: ಆಕ್ಸ್‌ಫರ್ಡಿನ ಕಾಲಿನ್ ಶೆಪರ್ಡ್ ಮತ್ತು ರೂಡಾಲ್ಫ್ ಕಾಂಪ್ನರ್ ಎರಡು ಫೋಟಾನಿನ ಹೊಳಪನ್ನು ಬಳಸುವ ಸೂಕ್ಷ್ಮದರ್ಶಕದ ಮಾತನ್ನು ಅಚ್ಚಿನಲ್ಲೇ ಆಡಿದ್ದರು. ಕೂಡಿಸಿ ಎಂಬ ಸೂಚನೆ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಸಿಗಬೇಕು?

ಪೇಟೆಂಟ್‌ದಾರನ ಕಡೆಯ ವಾದವೂ ಬಡವಾಗಿಲ್ಲ. 1978ರಲ್ಲಿ ಹೇಳಿದ್ದನ್ನು 12 ವರ್ಷ ಯಾರೂ ಮಾಡಿ ತೋರಿಸಲಿಲ್ಲವೇಕೆ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ಬೇಕಾದ ಬಿಡಿಭಾಗವೇ ಇಲ್ಲದೆ ಕಳೆದ ವರ್ಷಗಳನ್ನು ಆವಿಷ್ಕಾರಕನ ಖಾತೆಗೆ ಜಮಾ ಮಾಡಬಾರದು. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಹತ್ತನೇ ಒಂದರಷ್ಟು, ಅಂದರೆ ಸುಮಾರು 100 ಫೆಮ್ಟೊಸೆಕೆಂಡು, ಹೊತ್ತಿ ಆರುವ ಬಣ್ಣದ ಲೇಸರು ಬೆಲ್ ಪ್ರಯೋಗಾಲಯದಿಂದ ಬಂದದ್ದು 1981ರಲ್ಲಿ. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು 12 ವರ್ಷ ಅಲ್ಲ, ಹೆಚ್ಚೆಂದರೆ ಒಂಬತ್ತು. ಒಂಬತ್ತೂ ಸಣ್ಣದಲ್ಲ. ಸೂಕ್ಷ್ಮದರ್ಶಕದವರೂ ಲೇಸರ್‌ನವರೂ ಅಕ್ಕಪಕ್ಕದ ಕಟ್ಟಡಗಳಲ್ಲಿದ್ದ ವಿಶ್ವವಿದ್ಯಾಲಯಗಳು ಹಲವಿದ್ದವು.

ಇನ್ನೊಂದು ಅಂಶ ನನಗೆ ಇದಕ್ಕಿಂತ ಭಾರವಾಗಿ ಕಾಣುತ್ತದೆ. ಜೀವಂತ ಕೋಶಕ್ಕೆ ಎರಡು ಫೋಟಾನು ಒಟ್ಟಿಗೆ ಬಡಿಯುವಷ್ಟು ದಟ್ಟ ಬೆಳಕು ಬಿಟ್ಟರೆ ಕೋಶ ಸುಟ್ಟೀತು ಎಂಬ ಅಂಜಿಕೆ ಸಹಜ. ಆದರೆ ಲೆಕ್ಕ ಹಾಕಿ ನೋಡಿ: ತಲಾ 100 ಫೆಮ್ಟೊಸೆಕೆಂಡಿನ ಮಿಣುಕು, ಸೆಕೆಂಡಿಗೆ ಸುಮಾರು ಎಂಟು ಕೋಟಿ ಸಲ. ಲೇಸರು ಹೊತ್ತಿರುವುದು ಒಟ್ಟು ಸಮಯದ ಒಂದೂಕಾಲು ಲಕ್ಷದಲ್ಲಿ ಒಂದು ಪಾಲು. ಮಿಣುಕಿನ ತುದಿಯಲ್ಲಿ ಬೆಳಕು ಪ್ರಚಂಡ, ಸರಾಸರಿ ಶಕ್ತಿ ಕೋಶ ತಾಳುವಷ್ಟು. ಅಲ್ಲದೆ ಅಲ್ಲಿಯವರೆಗಿನ ಲೇಸರ್ ಸೂಕ್ಷ್ಮದರ್ಶಕಗಳು ಮಸುಕು ಬೆಳಕನ್ನು ತಡೆಯಲು ಪತ್ತೆಕಾರಕದ ಮುಂದೆ ಒಂದು ಸೂಜಿರಂಧ್ರ ಇಡಲೇಬೇಕು ಎಂದು ಪಾಠ ಹೇಳುತ್ತಿದ್ದವು. ಹೊಸ ಜೋಡಣೆಯಲ್ಲಿ ಆ ರಂಧ್ರವೇ ಬೇಡವಾಯಿತು. ಚದುರಿ ಬಂದ ಬೆಳಕನ್ನೂ ಬಾಚಿಕೊಳ್ಳಬಹುದು, ಏಕೆಂದರೆ ಅದು ಹುಟ್ಟಿದ್ದು ಒಂದೇ ಬಿಂದುವಿನಲ್ಲಿ. ಹಳೆಯ ದಾಖಲೆಗಳು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆಯುತ್ತಿದ್ದಾಗ ಅವನ್ನು ಒಂದೇ ನೊಗಕ್ಕೆ ಕಟ್ಟಿದವನಿಗೆ ಏನೋ ಹೊಳೆದಿರಲೇಬೇಕು.

ಹಾಗಾದರೆ ತೀರ್ಪೇನು? ಎರಡು ಫೋಟಾನು ಬಳಸುವ ಸ್ಕ್ಯಾನಿಂಗ್ ಸೂಕ್ಷ್ಮದರ್ಶಕವೆಲ್ಲ ನನ್ನದು ಎಂದು ಬರೀ ಅಷ್ಟೇ ಬರೆದ ಕ್ಲೇಮು 1978ರ ಪ್ರಬಂಧದ ಮುಂದೆ ನಿಲ್ಲುವುದು ಕಷ್ಟ. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ ಚಿಕ್ಕ ಮಿಣುಕು, ಬಿಗಿಯಾಗಿ ಕೂಡಿಸಿದ ಬಿಂದು, ಕೆಂಪು ಅಥವಾ ಅವಕೆಂಪು ಬೆಳಕು ಎಂದು ಕಟ್ಟಿ ಬರೆದ ಕ್ಲೇಮಿಗೆ ಹಕ್ಕಿದೆ. ಕಾರ್ನೆಲ್ ಪೇಟೆಂಟಿನ ಸಾರಾಂಶ ಹೇಳುವುದು ಈ ಎರಡನೆಯದನ್ನೇ. ವಿವರ ಎಷ್ಟು ಬಿಗಿಯೋ ಜೋಡಣೆ ಅಷ್ಟು ಗಟ್ಟಿ. ಎಲ್ಲವನ್ನೂ ಬಾಚಿಕೊಳ್ಳಹೊರಟವರೇ ಹೆಚ್ಚಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಆ ಸೂಜಿರಂಧ್ರದ ಕತೆಯನ್ನೂ ಹೇಳಿಬಿಡಬೇಕು. ಅದನ್ನು ಸೂಕ್ಷ್ಮದರ್ಶಕಕ್ಕೆ ತಂದವರಲ್ಲಿ ಮುಖ್ಯರು, ಮುಂದೆ ಕೃತಕ ಬುದ್ಧಿಮತ್ತೆಯ ಪಿತಾಮಹರಲ್ಲಿ ಒಬ್ಬರೆನಿಸಿದ ಮಾರ್ವಿನ್ ಮಿನ್‌ಸ್ಕಿ. 1955ರ ಸುಮಾರಿಗೆ ಹಾರ್ವರ್ಡಿನಲ್ಲಿದ್ದ ಅವರಿಗೆ ಮಿದುಳಿನ ನರಗಳ ಹೆಣಿಗೆಯನ್ನು ನೋಡಬೇಕಿತ್ತು. ಒಂದು ರಂಧ್ರದಿಂದ ಒಂದೇ ಬಿಂದುವಿಗೆ ಬೆಳಕು, ಅದೇ ಬಿಂದುವಿನಿಂದ ಬಂದ ಬೆಳಕಿಗೆ ಮಾತ್ರ ಇನ್ನೊಂದು ರಂಧ್ರದಲ್ಲಿ ಪ್ರವೇಶ. ರಂಧ್ರ, ಮಸೂರ, ಅರೆಕನ್ನಡಿ ಎಲ್ಲವೂ ಹಳೆಯವೇ. 1957ರಲ್ಲಿ ಅರ್ಜಿ, 1961ರ ಡಿಸೆಂಬರಿನಲ್ಲಿ ಪೇಟೆಂಟ್. ಆಗಿನ ಅಮೆರಿಕದ ಕಾನೂನಿನಂತೆ 17 ವರ್ಷ ಕಳೆದು 1978ರ ಕೊನೆಗೆ ಅವಧಿ ತೀರಿತು. ಲೇಸರ್, ಕಂಪ್ಯೂಟರ್ ಎರಡೂ ಅಗ್ಗವಾಗಿ ಈ ಸೂಕ್ಷ್ಮದರ್ಶಕ ಪ್ರಯೋಗಾಲಯಗಳಿಗೆ ನುಗ್ಗಿದ್ದು 1980ರ ದಶಕದ ಕೊನೆಗೆ. ಈ ನಡುವೆ ಚೆಕೊಸ್ಲೊವಾಕಿಯಾದ ಮೊಯ್ಮೀರ್ ಪೆಟ್ರಾನ್ ಇದೇ ತತ್ವಕ್ಕೆ ತಿರುಗುವ ತೂತಿನ ತಟ್ಟೆಯನ್ನು ಕೂಡಿಸಿದರು. ಆ ತಟ್ಟೆ ಪಾಲ್ ನಿಪ್ಕೊ ಎಂಬ ವಿದ್ಯಾರ್ಥಿ 1884ರಲ್ಲಿ ಬರ್ಲಿನ್ನಿನಲ್ಲಿ ಕಂಡ ದೂರದರ್ಶನದ ಕನಸಿನದು. ಟೀವಿಯವರ ಸಾಮಾನನ್ನು ಸೂಕ್ಷ್ಮದರ್ಶಕದವನು ಹುಡುಕಿಕೊಂಡು ಹೋಗುತ್ತಾನೆಯೇ? ಹೋಗಿ ತಂದದ್ದನ್ನು ಕಂಡ ಮೇಲೆ, ಅದೇನು ಮಹಾ ಎನ್ನುವವರು ಪ್ರತಿ ಕಾಲದಲ್ಲೂ ಇರುತ್ತಾರೆ.

ಹಾಗೆಂದು ಕಾಲದ ಅಂತರವೊಂದನ್ನೇ ನೆಚ್ಚಿ ಹಕ್ಕು ಕೊಡುತ್ತ ಹೋಗುವಂತಿಲ್ಲ. ಮಾದರಿಗೆ ಪಕ್ಕದಿಂದ ತೆಳ್ಳನೆಯ ಹಾಳೆಯಂತೆ ಬೆಳಕು ಹಾಯಿಸಿ ಮೇಲಿನಿಂದ ನೋಡುವ ‘ಲೈಟ್ ಶೀಟ್’ ಸೂಕ್ಷ್ಮದರ್ಶಕ ಹೆಸರು ಮಾಡಿದ್ದು 2004ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನ ಯುರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದಿಂದ. ಮೀನಿನ ಭ್ರೂಣವನ್ನು ಮೆತ್ತನೆಯ ಅಗರೋಸ್‌ನಲ್ಲಿ ನಿಲ್ಲಿಸಿ, ತಿರುಗಿಸಿ ತಿರುಗಿಸಿ, ಸುತ್ತಲಿನ ನೋಟಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿದರು. ಆದರೆ ಪಕ್ಕದ ಬೆಳಕಿನ ಉಪಾಯ 1903ರದ್ದು. ಬಣ್ಣದ ಗಾಜಿನೊಳಗಿನ ಚಿನ್ನದ ಕಣಗಳನ್ನು ಹುಡುಕಲು ಝೀಡೆಂಟೋಫ್ ಮತ್ತು ಝಿಗ್ಮೊಂಡಿ ಮಾಡಿದ್ದು. 1993ರಲ್ಲಿ ಅದೇ ಉಪಾಯದಿಂದ ಗಿನಿ ಹಂದಿಯ ಒಳಕಿವಿಯ ಶಂಖವನ್ನು ಬಣ್ಣದ ಹೊಳಪಿನಲ್ಲಿ ನೋಡಿ ಪ್ರಕಟಿಸಿದವರೂ ಇದ್ದರು. ನೂರು ವರ್ಷದ ಅಂತರ ಬಾಯಲ್ಲಿ ಹೇಳಲು ಚೆಂದ. ಆದರೆ 1993 ಎಂಬ ಒಂದೇ ಮೆಟ್ಟಿಲು ನಡುವೆ ಬಂದೊಡನೆ, ಪಕ್ಕದ ಬೆಳಕು ಮತ್ತು ಹೊಳೆಯುವ ಬಣ್ಣದ ಬರೀ ಜೋಡಣೆಗೆ ಯಾರಾದರೂ ಹಕ್ಕು ಕೇಳಿದರೆ ನಾನಂತೂ ಕೊಡೆನು. ಬೆಳೆಯುತ್ತಿರುವ ಜೀವಿಯನ್ನು ಕೊಲ್ಲದೆ ತಿರುಗಿಸಿ ನೋಡುವ ವ್ಯವಸ್ಥೆಗೆ ಕೇಳಿದರೆ ಕುಳಿತು ಮಾತಾಡೋಣ.

ನಮ್ಮ ಕಣ್ಣಿಗೆ ಬೀಳುವ ಅರ್ಜಿಗಳಲ್ಲಿ ಹೆಚ್ಚಿನವು ಇಷ್ಟು ಘನವಾದವಲ್ಲ. ಸೂಕ್ಷ್ಮದರ್ಶಕಕ್ಕೆ ಮೊಬೈಲ್ ಕ್ಯಾಮೆರಾ, ಕ್ಯಾಮೆರಾಕ್ಕೆ ವೈಫೈ, ಬಂದ ಚಿತ್ರಕ್ಕೆ ರಕ್ತಕಣ ಎಣಿಸುವ ತಂತ್ರಾಂಶ. ಕ್ಯಾಮೆರಾ ಚಿತ್ರ ತೆಗೆಯುತ್ತದೆ, ವೈಫೈ ಕಳಿಸುತ್ತದೆ, ತಂತ್ರಾಂಶ ಎಣಿಸುತ್ತದೆ. ಸಾಸೇಜ್ ಯಂತ್ರವೇ. ಹಾಗೆಂದು ಸರಳ ವಸ್ತುವನ್ನೆಲ್ಲ ತಳ್ಳಿಹಾಕಲೂಬಾರದು. ಭಾರತದಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡಿನಲ್ಲಿರುವ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ನೋಡಿ. ಗೋಲಿಯಂಥ ಪುಟ್ಟ ಗಾಜಿನ ಮಸೂರ 17ನೇ ಶತಮಾನದ ಲೇವನ್‌ಹುಕ್ ಕಾಲದ ನೆನಪು ತರುತ್ತದೆ, ಕಾಗದ ಮಡಚುವ ಕಲೆ ಅದಕ್ಕಿಂತ ಹಳೆಯದು. ಆದರೆ ಇಲ್ಲಿ ಕಾಗದ ಬರೀ ಹೊರಕವಚವಲ್ಲ. ಮಡಿಕೆಗಳೇ ಮಸೂರ, ಮಾದರಿ, ದೀಪವನ್ನು ಒಂದೇ ನೇರಕ್ಕೆ ತರುತ್ತವೆ. ಕಾಗದವನ್ನು ಬೆರಳಿನಿಂದ ಬಾಗಿಸಿದರೆ ಫೋಕಸ್ ಆಗುತ್ತದೆ. ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಡಿಮೆ. ಅಗ್ಗ ಎಂಬ ಕಾರಣಕ್ಕೆ ಹೊಳೆಯುವಂಥದ್ದು ಎನ್ನಲಾಗದು. ನಮ್ಮ ಕಾಯ್ದೆಯ 2(1)(ಜೆಎ) ಕಲಮು ತಾಂತ್ರಿಕ ಮುನ್ನಡೆಯ ಜೊತೆಗೆ ಆರ್ಥಿಕ ಮಹತ್ವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಮೇಲೆ, ವಿದ್ಯೆ ಬಲ್ಲವನಿಗೆ ಅದು ಹೊಳೆಯುವಂಥದ್ದಾಗಿರಬಾರದು.

ತಿರಸ್ಕರಿಸುವವರಿಗೂ ಒಂದು ಶಿಸ್ತು ಇದೆ. 2022ರ ಆಗ್ರಿಬೋರ್ಡ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು ಪೇಟೆಂಟ್ ಕಚೇರಿಗೆ ಹೇಳಿದ್ದು ಇದನ್ನೇ: ಹಳೆಯ ದಾಖಲೆಯಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಅದರಿಂದ ಇದು ಹೇಗೆ ಹೊಳೆಯುತ್ತದೆ ಎಂಬ ಮೂರನ್ನೂ ಆದೇಶದಲ್ಲಿ ಚರ್ಚಿಸಬೇಕು. ಡಿ1, ಡಿ2 ಎಂದು ಬರೆದು ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಸಾಲದು.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಅರ್ಜಿ ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುತ್ತದೆ; ಪೇಟೆಂಟ್ ಜರ್ನಲ್ ಪ್ರತಿ ಶುಕ್ರವಾರ ಹೊರಬರುತ್ತದೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, ಕಾಯ್ದೆಯ 25(1) ಕಲಮಿನಡಿ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಇದು ಹೊಳೆಯುವಂಥದ್ದೇ ಎಂಬುದು ಅಲ್ಲಿ ಒಪ್ಪಿತವಾದ ಕಾರಣಗಳಲ್ಲಿ ಒಂದು. ಅದಕ್ಕೆ ಬೇಕಾದದ್ದು ದಿನಾಂಕವಿರುವ, ಸಾರ್ವಜನಿಕವಾಗಿ ದೊರೆಯುತ್ತಿದ್ದ ದಾಖಲೆ. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಅಂಥ ಪ್ರಬಂಧಗಳು, ವಿಚಾರಸಂಕಿರಣದ ಪುಸ್ತಿಕೆಗಳು ರಾಶಿ ಬಿದ್ದಿವೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅಧ್ಯಾಪಕರು, ತಂತ್ರಜ್ಞರು ದಯವಿಟ್ಟು ಆ ಜರ್ನಲನ್ನು ಆಗಾಗ ತೆರೆದು ನೋಡಿ. ತಮ್ಮದೇ ಜೋಡಣೆಗೆ ಹಕ್ಕು ಕೇಳಬೇಕೆಂದಿರುವ ವಿದ್ಯಾರ್ಥಿಗಳು ವಸ್ತುಪ್ರದರ್ಶನಕ್ಕೆ ಒಯ್ಯುವ ಮೊದಲು ಅರ್ಜಿ ಹಾಕಿ. ಕೂಡಿಸಿದಾಗ ಮೊದಲು ಏಕೆ ಕೆಲಸ ಮಾಡಲಿಲ್ಲ, ಏನು ಬದಲಿಸಿದ ಮೇಲೆ ಮಾಡಿತು ಎಂಬುದನ್ನು ದಿನಾಂಕ ಹಾಕಿ ಬರೆದಿಡಿ.